ಕೇಳಿ, ಹೇಳುತ್ತೇವೆ: ಹೆದರಿದ ಮೈಗೆ ಹಾಳೆ ಬಂಡಿ, ಹುರುಳಿ ಚೀಲ

ಬಾಲ್ಯದ ಆಘಾತದ ಬಗ್ಗೆ ಈ ಅಂಕಣದಲ್ಲಿ ಬಂದ ಉತ್ತರಗಳನ್ನು ಓದಿ ಮಂಜೇಶ್ವರ, ಕಾಸರಗೋಡು ತಾಲೂಕುಗಳಿಂದ ಪತ್ರ ಬರೆದವರಲ್ಲಿ ಹೆಚ್ಚಿನವರು ಕೇಳಿದ್ದು ಒಂದೇ: ಮಾತಿನ ಬದಲು ಮೈಯ ಮೂಲಕ ಮಾಡುವ ಚಿಕಿತ್ಸೆ ಎಂದರೇನು, ಅದು ನಮಗೆ ಆದೀತೇ? ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ಉತ್ತರಿಸಿದವರು ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್ ಮತ್ತು ಒಬ್ಬ ಆಕ್ಯುಪೇಷನಲ್ ಥೆರಪಿಸ್ಟ್ (ಆಟ, ದಿನನಿತ್ಯದ ಕೆಲಸಗಳ ಮೂಲಕ ಚಿಕಿತ್ಸೆ ಮಾಡುವವರು). ಗುರುತು ಸಿಗದಂತೆ ಪತ್ರಗಳ ವಿವರ ಬದಲಿಸಿದ್ದೇವೆ.

ನನ್ನ ತಂಗಿಯ ಮಗನಿಗೆ 9 ವರ್ಷ. ಅಪ್ಪನ ಕುಡಿತ ನೋಡುತ್ತ, ಪೆಟ್ಟು ತಿನ್ನುತ್ತ ಬೆಳೆದವನು. ಕಳೆದ ವರ್ಷದಿಂದ ತಾಯಿ-ಮಗ ನಮ್ಮಲ್ಲೇ ಇದ್ದಾರೆ, ಈಗ ಹೊಡೆಯುವವರು ಯಾರೂ ಇಲ್ಲ. ಆದರೂ ಶಾಲೆಯಲ್ಲಿ ಯಾರಾದರೂ ಹಿಂದಿನಿಂದ ಮುಟ್ಟಿದರೆ ತಿರುಗಿ ಬಾರಿಸುತ್ತಾನೆ. ಟೀಚರ್ ಸ್ವರ ಏರಿಸಿದರೆ ಬೆಂಚಿನಡಿ ಸೇರುತ್ತಾನೆ. ಕೌನ್ಸಿಲರ್ ಎದುರು ಆರು ಸಲ ಕೂರಿಸಿದೆವು, ಬಾಯಿ ಬಿಡಲಿಲ್ಲ. ಮಂಗಳೂರಲ್ಲಿ ಉಯ್ಯಾಲೆ, ದೊಡ್ಡ ಚೆಂಡು ಇಟ್ಟುಕೊಂಡು ಥೆರಪಿ ಮಾಡುತ್ತಾರಂತೆ. ಆಟ ಆಡಿಸಲಿಕ್ಕೆ ಅಷ್ಟು ದುಡ್ಡು ಕೊಡಬೇಕೇ?
— ಬದಿಯಡ್ಕದ ಓದುಗರು

ದುಡ್ಡು ಕೊಡುವುದು ಆಟಕ್ಕಲ್ಲ, ಆಡಿಸುವವರ ಕಣ್ಣಿಗೆ. ಅದು ಹೇಗೆ ಎನ್ನುವ ಮೊದಲು ಹುಡುಗ ಯಾಕೆ ಬಾಯಿ ಬಿಡುತ್ತಿಲ್ಲ ಎಂಬುದನ್ನು ನೋಡೋಣ. ಪೆಟ್ಟು ಬೀಳುವ ಹೊತ್ತಿಗೆ ಮೆದುಳು ಮಾತು ಜೋಡಿಸುತ್ತ ಕೂರುವುದಿಲ್ಲ. ಓಡು, ಹೊಡಿ, ಇಲ್ಲವೇ ಅಲ್ಲಾಡದೆ ಬಿದ್ದಿರು ಎಂದು ಮೈಗೆ ಅಪ್ಪಣೆ ಕೊಡುತ್ತದೆ. ವರ್ಷಗಟ್ಟಲೆ ಇದೇ ಅಪ್ಪಣೆ ಕೇಳಿದ ಮೈ ಅಪಾಯ ಹೋದ ಮೇಲೂ ಅದನ್ನೇ ಪಾಲಿಸುತ್ತದೆ. ಹಿಂದಿನಿಂದ ಮುಟ್ಟಿದವನು ಗೆಳೆಯ ಎಂದು ತಿಳಿಯುವಷ್ಟರಲ್ಲಿ ಇವನ ಕೈ ಬೀಸಿ ಆಗಿರುತ್ತದೆ. ಅಂಥವನನ್ನು ಕುರ್ಚಿಯಲ್ಲಿ ಕೂರಿಸಿ ‘ಏನಾಯ್ತು ಹೇಳು’ ಎಂದರೆ ಅವನಲ್ಲಿ ಹೇಳುವುದಕ್ಕೆ ಮಾತೇ ಇರುವುದಿಲ್ಲ.

ಕುಚ್ಚಿಲಕ್ಕಿ ಗಂಜಿಯ ಒಲೆ ನೆನೆಯಿರಿ. ಉರಿ ಹೆಚ್ಚಾದರೆ ಉಕ್ಕಿ ಚೆಲ್ಲುತ್ತದೆ, ಆರಿದರೆ ಅಕ್ಕಿ ಬೇಯುವುದಿಲ್ಲ. ನಡುವಿನ ಹದದಲ್ಲಿದ್ದಾಗ ಮಾತ್ರ ಮಗು ಕಲಿಯುತ್ತದೆ, ಮಾತಾಡುತ್ತದೆ. ಅಮೆರಿಕದ ಮನೋವೈದ್ಯ ಡೇನಿಯಲ್ ಸೀಗಲ್ 1999ರಲ್ಲಿ ಇದಕ್ಕೆ ‘ಸಹನೆಯ ಕಿಟಕಿ’ ಎಂಬರ್ಥದ ಹೆಸರು ಕೊಟ್ಟರು. ನಮಗೆ ಉಕ್ಕುವುದು, ಆರುವುದು ಎಂಬ ಮಾತುಗಳೇ ಸಾಕು. ಹುಡುಗ ಹೊಡೆದಾಗ ಉಕ್ಕಿದ್ದಾನೆ. ಬೆಂಚಿನಡಿ ಸೇರಿದಾಗ ಎರಡರಲ್ಲಿ ಯಾವುದೂ ಇರಬಹುದು, ಕಣ್ಣು ನೋಡಿ ತಿಳಿಯಬೇಕು. ಕಣ್ಣು ಅತ್ತಿತ್ತ ಓಡುತ್ತ ಉಸಿರು ಮೇಲಕ್ಕೆ ಸಿಕ್ಕಿಕೊಂಡಿದ್ದರೆ ಉಕ್ಕಿದೆ. ನೋಟ ಒಂದೇ ಕಡೆ ನಿಂತು, ಮುಖ ಮಂಕಾಗಿ, ಕೈಕಾಲು ತಣ್ಣಗಿದ್ದರೆ ಆರಿದೆ. ಎರಡಕ್ಕೂ ಮದ್ದು ಬೇರೆ ಬೇರೆ.

ಇಂಥ ಮಕ್ಕಳಿಗಾಗಿ ಬಾಸ್ಟನ್ನಿನಲ್ಲಿ ಎಲಿಜಬೆತ್ ವಾರ್ನರ್ ಮತ್ತು ಸಂಗಡಿಗರು ‘ಸ್ಮಾರ್ಟ್’ ಎಂಬ ಪದ್ಧತಿ ರೂಪಿಸಿದರು. ಕೋಣೆಯಲ್ಲಿ ದಪ್ಪ ಹಾಸು, ದೊಡ್ಡ ಗಾಳಿ ಚೆಂಡು, ತೂಕದ ಹೊದಿಕೆ, ತೆವಳಿ ಹೋಗುವ ಸುರಂಗ, ಮೇಲೆ ನಡೆಯುವ ಹಲಗೆ, ಸಣ್ಣ ಟ್ರಾಂಪೊಲಿನ್, ಬಿದ್ದರೆ ಪೆಟ್ಟಾಗದ ಮೆತ್ತೆಗಳ ರಾಶಿ. ಏನು ಬೇಕೆಂದು ಆರಿಸುವುದು ಮಗು. ಥೆರಪಿಸ್ಟ್ ಅದರ ಉಸಿರು, ಮುಖದ ಬಣ್ಣ, ಸ್ವರ, ಕಣ್ಣು ನೋಡುತ್ತ, ಉಕ್ಕುವ ಸ್ವಲ್ಪ ಮೊದಲೇ ಆಟದ ದಿಕ್ಕು ತಿರುಗಿಸುತ್ತಾರೆ. ಹೊರಗಿನಿಂದ ನೋಡುವವರಿಗೆ ಇದು ಬರೇ ಕುಣಿದಾಟ. ಮೆತ್ತೆಯ ರಾಶಿಯೊಳಗೆ ಹುಗಿದುಕೊಂಡ ಹುಡುಗ ಐದನೆಯ ವಾರವೋ ಹತ್ತನೆಯ ವಾರವೋ ತಾನಾಗಿ ‘ಅಪ್ಪ ಬಂದ್ರೆ ನಾನು ಮಂಚದಡಿ ಹೀಗೇ ಇರ್ತಿದ್ದೆ’ ಎಂದುಬಿಡಬಹುದು. ಹೇಳದೆಯೂ ಇರಬಹುದು. ಆಗಲೂ ಕೆಲಸ ನಡೆದೇ ಇರುತ್ತದೆ.

ಮನೆಯಲ್ಲಿ ಮಾಡಲಿಕ್ಕೂ ಬೇಕಾದಷ್ಟಿದೆ, ಅದೂ ತೋಟದ ಮನೆಯಲ್ಲಿ. ಮೈಗೆ ಸುದ್ದಿ ಮುಟ್ಟಿಸುವ ದಾರಿ ಮುಖ್ಯವಾಗಿ ಮೂರು. ಒಳಕಿವಿಯಲ್ಲಿರುವ ಸಮತೋಲನದ ಇಂದ್ರಿಯ ಒಂದು. ತೂಗುವುದು, ಜಾರುವುದು, ತಿರುಗುವುದು ಅದಕ್ಕೆ ತಟ್ಟುತ್ತವೆ. ಸ್ನಾಯು-ಕೀಲುಗಳ ಅರಿವು ಎರಡನೆಯದು. ಎಳೆದಾಗ, ನೂಕಿದಾಗ, ಹೊತ್ತಾಗ, ನೇತಾಡಿದಾಗ ಅದು ಎಚ್ಚರಾಗುತ್ತದೆ. ಮೂರನೆಯದು ಚರ್ಮ. ಮೊದಲನೆಯದು ಒಲೆಗೆ ಊದುಗೊಳವೆಯಲ್ಲಿ ಊದಿದ ಹಾಗೆ: ಆರಿದ ಬೆಂಕಿಗೆ ಒಳ್ಳೆಯದು, ಉರಿಯುವ ಬೆಂಕಿಗೆ ಕೆಟ್ಟದ್ದು. ಎರಡನೆಯದು ಸೌದೆ ಹಿಂದಕ್ಕೆಳೆದ ಹಾಗೆ. ನಿಧಾನವಾಗಿ, ಒಂದೇ ಲಯದಲ್ಲಿ ತೂಗುವುದು ಮಾತ್ರ ಊದುವ ಬದಲು ತಣಿಸುತ್ತದೆ. ತೊಟ್ಟಿಲು ತೂಗಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಹಾಳೆ ಬಂಡಿಯನ್ನೇ ತೆಗೆದುಕೊಳ್ಳಿ. ಅಡಿಕೆ ಹಾಳೆಯ ಮೇಲೆ ಒಬ್ಬರು ಕೂತು, ಇನ್ನೊಬ್ಬರು ಸೋಗೆಯ ತುದಿ ಹಿಡಿದು ಎಳೆಯುವ ನಮ್ಮ ಮಕ್ಕಳ ಹಳೇ ಆಟ. ಕೂತವರಿಗೆ ಮೊದಲ ದಾರಿ, ಎಳೆಯುವವರಿಗೆ ಎರಡನೆಯದು. ನಿಮ್ಮ ಹುಡುಗ ಹೆಚ್ಚು ಹೊತ್ತು ಎಳೆಯುವವನಾಗಲಿ: ಅಂಗಳದಲ್ಲಿ 10–12 ಮೀಟರ್, ನೆಟ್ಟಗೆ, ಐದಾರು ಸಲ. ತನಗಿಂತ ಹಗುರ ಇರುವವರನ್ನು ಕೂರಿಸಿ ಎಳೆಯಲಿ. ನಡುವೆ ಎರಡು ಸಲ ತಾನೂ ಕೂತುಕೊಳ್ಳಲಿ. ಮುಗಿಸುವಾಗ ಯಾವತ್ತೂ ಎರಡನೆಯ ದಾರಿಯಲ್ಲೇ ಮುಗಿಸಿ: 2–3 ಲೀಟರ್ ನೀರಿನ ಬಾಲ್ದಿ ಹೊತ್ತು ಬಾಳೆ ಬುಡಕ್ಕೆ ಹಾಕಲಿ, ಅಥವಾ ಗೋಡೆಗೆ ಎರಡೂ ಅಂಗೈ ಊರಿ ಹತ್ತು ಎಣಿಸುವಷ್ಟು ಹೊತ್ತು ನೂಕಲಿ, ಹೀಗೆ ಐದು ಸಲ. ಒಟ್ಟು 15–20 ನಿಮಿಷ ಸಾಕು. ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ. ದಿನವೂ ಅದೇ ಹೊತ್ತು, ಅದೇ ಕ್ರಮ.

ಓದಲು ಕೂರುವಾಗ ತೊಡೆಯ ಮೇಲೆ ಹುರುಳಿ ಚೀಲ. 25 ಕಿಲೊ ತೂಗುವ ಮಗುವಿಗೆ 1ರಿಂದ ಒಂದೂಕಾಲು ಕಿಲೊ ಹುರುಳಿ, ಎರಡು ಪದರದ ಹತ್ತಿ ಬಟ್ಟೆಯಲ್ಲಿ. ನಡುವೆ ನಾಲ್ಕಾರು ಸಾಲು ಹೊಲಿಗೆ ಹಾಕಿ ಮನೆ ಮಾಡಿದರೆ ಕಾಳು ಒಂದೇ ಮೂಲೆಗೆ ಜಾರುವುದಿಲ್ಲ. 15 ನಿಮಿಷ ಇಟ್ಟು ತೆಗೆಯಿರಿ. ಇಡೀ ದಿನ ಇಟ್ಟರೆ ಮೈ ಅದಕ್ಕೆ ಒಗ್ಗಿ ಚೀಲ ಇದ್ದೂ ಇಲ್ಲದಂತಾಗುತ್ತದೆ. ನಮ್ಮ ಮಳೆಗಾಲದಲ್ಲಿ ಹುಳ ಬೀಳದೆ ಇರದು, ಹಾಗಾಗಿ ಒಂದು ಬದಿಗೆ ಬಿಚ್ಚುವಂತೆ ಹೊಲಿಯಿರಿ. ಮಗು ತಾನೇ ಎತ್ತಿ ಬದಿಗಿಡಲಾಗದಷ್ಟು ತೂಕ ಬೇಡ, ಮಲಗಿ ನಿದ್ರಿಸುವಾಗ ಬೇಡ, ಹಸುಗೂಸುಗಳ ಹತ್ತಿರವಂತೂ ತರಲೇಬೇಡಿ.

ಎಡವುವುದು ಎಲ್ಲಿ ಎಂದರೆ, ಕೇಕೆ ಹಾಕಿ ನಗುವುದನ್ನು ಖುಷಿ ಎಂದು ತಿಳಿದು ಮತ್ತಷ್ಟು ಎಳೆಯುತ್ತೇವೆ. ನಗುವಿನ ಸ್ವರ ಚೂಪಾಗಿ, ಕೇಳಿದ್ದಕ್ಕೆ ಉತ್ತರ ಬರದಂತಾದರೆ ಅದು ಉಕ್ಕುವ ಮೊದಲಿನ ನೊರೆ. ತಿರುಗಿಸುವ ಆಟಗಳಲ್ಲಿ ಮುಖ ಬಿಳಿಚಿ, ಬೆವರಿ, ಆಕಳಿಸಿ, ವಾಕರಿಕೆ ಬಂದರೆ ಆಗಲೇ ಹೆಚ್ಚಾಯಿತು ಎಂದರ್ಥ. ಅದರ ಪರಿಣಾಮ ಗಂಟೆಗಟ್ಟಲೆ ಉಳಿಯಬಹುದು. ಇನ್ನೊಂದು ತಪ್ಪು, ‘ಹೋಂವರ್ಕ್ ಮಾಡದಿದ್ದರೆ ಹಾಳೆ ಬಂಡಿ ಇಲ್ಲ’ ಎನ್ನುವುದು. ಮದ್ದನ್ನು ಯಾರೂ ಬಹುಮಾನವಾಗಿ ಕೊಡುವುದಿಲ್ಲ. ಅಪಸ್ಮಾರ, ಉಬ್ಬಸ, ಹೃದಯದ ತೊಂದರೆ ಇರುವ ಮಕ್ಕಳಿಗೆ ಡಾಕ್ಟರನ್ನು ಕೇಳಿಯೇ ಶುರುಮಾಡಿ. ಡೌನ್ ಸಿಂಡ್ರೋಮ್ ಇರುವ ಮಕ್ಕಳ ಕತ್ತಿನ ಕೀಲು ಸಡಿಲ ಇರಬಹುದು. ಪರೀಕ್ಷೆ ಆಗದೆ ಲಾಗ ಹಾಕಿಸುವುದು, ಟ್ರಾಂಪೊಲಿನ್ ಹತ್ತಿಸುವುದು ಕೂಡದು.

ಟೀಚರಿಗೆ ಮೂರೇ ಮಾತು ಹೇಳಿ. ಹುಡುಗನ ಬೆನ್ನು ಗೋಡೆಗೆ ತಾಗುವ, ಬಾಗಿಲು ಕಾಣುವ ಜಾಗ ಕೊಡಿ. ಹಿಂದಿನಿಂದ ಮುಟ್ಟದೆ ಎದುರಿನಿಂದ ಹೆಸರು ಹಿಡಿದು ಕರೆಯಿರಿ. ಎರಡು ಪೀರಿಯಡ್‌ಗೊಮ್ಮೆ ಪುಸ್ತಕದ ಕಟ್ಟು ಹೊತ್ತು ಆಫೀಸಿಗೆ ಮುಟ್ಟಿಸುವ ಕೆಲಸ ಕೊಡಿ.

ನನಗೆ 34. ಚಿಕ್ಕಂದಿನಲ್ಲಿ ಸಂಬಂಧಿಕರೊಬ್ಬರಿಂದ ಹಲವು ವರ್ಷ ಆದದ್ದನ್ನು ಇಲ್ಲಿ ಬರೆಯಲಾರೆ. ಯೋಗ ಮಾಡಿದರೆ ಮನಸ್ಸು ಶಾಂತವಾಗುತ್ತದೆ ಎಂದು ಶಿಬಿರಕ್ಕೆ ಸೇರಿದೆ. ಶವಾಸನದಲ್ಲಿ ಕಣ್ಣು ಮುಚ್ಚಿ ದೀರ್ಘ ಉಸಿರೆಳೆಯಿರಿ ಎಂದಾಗ ಉಸಿರು ಕಟ್ಟಿದಂತಾಗಿ ಎದ್ದು ಓಡಿದೆ. ಎಲ್ಲರಿಗೂ ಹಿತವಾಗುವುದು ನನಗೆ ಯಾಕೆ ಹೀಗೆ?
— ಉಪ್ಪಳದ ಓದುಗರು

ಹೀಗಾಗುವವರು ನೀವೊಬ್ಬರೇ ಅಲ್ಲ. ಅಂಗಾತ ಮಲಗುವುದು, ಕಣ್ಣು ಮುಚ್ಚುವುದು, ಅಲ್ಲಾಡದಿರುವುದು, ತಲೆಯ ಹತ್ತಿರ ಯಾರೋ ನಡೆದಾಡುವುದು: ಒಂದೊಂದೂ ನಿಮ್ಮ ಮೈಗೆ ಹಳೆಯ ಅಪಾಯದ ಗುರುತು ಇರಬಹುದು, ಶವಾಸನದಲ್ಲಿ ನಾಲ್ಕೂ ಒಟ್ಟಿಗೆ ಬಂದಿವೆ. ಅದರ ಮೇಲೆ ದೀರ್ಘ ಉಸಿರು. ಹೆದರಿದವರು ದೀರ್ಘ ಉಸಿರು ಎಂದ ಕೂಡಲೇ ಒಳಕ್ಕೆ ಎಳೆಯುತ್ತಾರೆ, ಬಿಡುವುದು ಅರ್ಧಂಬರ್ಧ. ಹಾಗೆ ಜೋರಾಗಿ ಉಸಿರಾಡುತ್ತ ಹೋದಾಗ ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಇಳಿದು ತಲೆ ಹಗುರಾಗುತ್ತದೆ, ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು ಶುರುವಾಗುತ್ತದೆ. ಅದನ್ನು ಮೈ ‘ಬಂತು ಅಪಾಯ’ ಎಂದು ಓದಿಕೊಳ್ಳುತ್ತದೆ. ಭಸ್ತ್ರಿಕಾ, ಕಪಾಲಭಾತಿ, ಉಸಿರು ಹಿಡಿಯುವ ಕುಂಭಕ ಸದ್ಯಕ್ಕೆ ನಿಮಗೆ ಬೇಡ.

ಯೋಗವನ್ನೇ ಬಿಡಬೇಕಾಗಿಲ್ಲ. ಮನೋವೈದ್ಯ ಬೆಸೆಲ್ ವ್ಯಾನ್ ಡರ್ ಕೋಲ್ಕ್ ಅವರ ತಂಡ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆ ಚಿಕಿತ್ಸೆಗೆ ಬಗ್ಗದ ಆಘಾತ ಕಾಯಿಲೆಯ 64 ಮಹಿಳೆಯರಲ್ಲಿ ಕೆಲವರಿಗೆ ವಾರಕ್ಕೊಂದು ಗಂಟೆಯಂತೆ 10 ವಾರ ಯೋಗ, ಉಳಿದವರಿಗೆ ಆರೋಗ್ಯ ಶಿಕ್ಷಣ. ಕೊನೆಗೆ ಯೋಗದ ಗುಂಪಿನಲ್ಲಿ ನೂರಕ್ಕೆ 52 ಮಂದಿ, ಇನ್ನೊಂದು ಗುಂಪಿನಲ್ಲಿ ನೂರಕ್ಕೆ 21 ಮಂದಿ ಆ ಕಾಯಿಲೆಯ ವ್ಯಾಖ್ಯೆಯಿಂದ ಹೊರಗೆ ಬಂದಿದ್ದರು. ಆದರೆ ಆ ಯೋಗದ ರೀತಿ ಬೇರೆ. ಗುರು ‘ಹೀಗೆ ಮಾಡಿ’ ಎನ್ನದೆ ‘ಬೇಕಾದರೆ ಕೈ ಎತ್ತಬಹುದು, ಬೇಡವಾದರೆ ಹಾಗೇ ಇರಬಹುದು’ ಎನ್ನುತ್ತಾರೆ. ಭಂಗಿ ತಿದ್ದಲು ಮುಟ್ಟುವುದಿಲ್ಲ. ‘ಬೇಡ’ ಎಂದು ತಾನೇ ತೀರ್ಮಾನಿಸಿ ನಿಲ್ಲಿಸುವುದೇ ಅಲ್ಲಿನ ಮುಖ್ಯ ಆಸನ ಎಂದರೂ ಸರಿ.

ಮನೆಯಲ್ಲಿ ಹೀಗೆ ಶುರುಮಾಡಿ. ಬಾಗಿಲು ಕಾಣುವಂತೆ ಕುರ್ಚಿಯಲ್ಲಿ ಕೂತುಕೊಳ್ಳಿ, ಕಣ್ಣು ತೆರೆದೇ ಇರಲಿ. ಅಂಗಾಲು ನೆಲಕ್ಕೆ ಒತ್ತಿ, ನೆಲದ ತಣ್ಪು ಗಮನಿಸಿ. ಕತ್ತು ತಿರುಗಿಸಿ ಕೋಣೆಯ ನಾಲ್ಕು ಮೂಲೆ ನಿಧಾನವಾಗಿ ನೋಡಿ. ಆಮೇಲೆ ಉಸಿರು: ಮೂರು ಎಣಿಸುವಷ್ಟು ಒಳಗೆ, ಐದು ಎಣಿಸುವಷ್ಟು ಹೊರಗೆ, ಬಿಸಿ ಕಾಫಿ ಊದಿದ ಹಾಗೆ. ಐದೇ ಸಲ. ಹೊರಹೋಗುವ ಉಸಿರು ಉದ್ದವಾದಾಗ ಹೃದಯದ ಬಡಿತ ತುಸು ಇಳಿಯುತ್ತದೆ. ಉಸಿರಿನ ಕಡೆ ಗಮನ ಹರಿಸಿದರೇ ಗಾಬರಿಯಾದರೆ ಅದನ್ನು ಪೂರ್ತಿ ಬಿಟ್ಟು ಅಂಗಾಲಿನಲ್ಲೇ ನಿಲ್ಲಿ. ಎರಡು ನಿಮಿಷ ಸಾಕು. ಚೆನ್ನಾಗಿ ಆಯಿತೆಂದು ಮರುದಿನ ಇಪ್ಪತ್ತು ನಿಮಿಷಕ್ಕೆ ಏರಿಸಿದವರೇ ಹೆಚ್ಚಾಗಿ ಮೂರನೆಯ ದಿನ ಕೈಬಿಡುವುದು. ಇದು ಹಳೆಯ ಗಾಯದ ಚಿಕಿತ್ಸೆ ಅಲ್ಲ, ಚಿಕಿತ್ಸೆಗೆ ಕೂರುವಷ್ಟು ಹದ ತರುವ ಕೆಲಸ. ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರನ್ನು ಕಾಣಿ. ಮೊದಲ ದಿನವೇ ಎಲ್ಲ ಹೇಳಬೇಕೆಂದಿಲ್ಲ, ನಮಗೆ ಬರೆದಷ್ಟೇ ಹೇಳಿದರೂ ಆದೀತು.

ಇಎಂಡಿಆರ್, ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್, ಸೆನ್ಸರಿಮೋಟರ್ ಎಂದೆಲ್ಲ ಕೇಳುತ್ತೇವೆ. ಯಾವುದು ಒಳ್ಳೆಯದು? ‘ಆಘಾತ ಸ್ನಾಯುಗಳಲ್ಲಿ ಶೇಖರವಾಗಿರುತ್ತದೆ’ ಎನ್ನುವುದು ನಿಜವೇ?
— ಕುಂಬಳೆಯ ಓದುಗರು

ಎರಡನೆಯ ಪ್ರಶ್ನೆ ಮೊದಲು. ನೆನಪು ಭುಜದಲ್ಲೋ ಸೊಂಟದಲ್ಲೋ ಡಬ್ಬಿ ಕಟ್ಟಿ ಕೂತಿರುವುದಿಲ್ಲ. ಮೆದುಳು ಮತ್ತು ನರಮಂಡಲ ಕಲಿತ ಪಾಠ ಭುಜದ ಬಿಗಿಯಾಗಿ, ಹೊಟ್ಟೆಯ ತಳಮಳವಾಗಿ ಕಾಣಿಸಿಕೊಳ್ಳುತ್ತದೆ, ಅಷ್ಟೆ. ಹಾಗಾಗಿ ಉಜ್ಜಿ, ತಿಕ್ಕಿ ಆಘಾತವನ್ನು ‘ಹೊರಗೆ ಹಾಕುತ್ತೇವೆ’ ಎನ್ನುವವರಿಂದ ದೂರ ಇರಿ. ಎಣ್ಣೆ ಹಚ್ಚಿ ತಿಕ್ಕಿದರೆ ಹಿತವಾಗುತ್ತದೆ, ಆ ಮಾತು ಬೇರೆ.

ಪದೇಪದೇ, ತಪ್ಪಿಸಿಕೊಳ್ಳಲಾಗದ ಸ್ಥಿತಿಯಲ್ಲಿ ಆದ ಆಘಾತದ ಪರಿಣಾಮವನ್ನು ಅಮೆರಿಕದ ಮನೋವೈದ್ಯೆ ಜುಡಿತ್ ಹರ್ಮನ್ 1992ರಲ್ಲೇ ಬೇರೆಯಾಗಿ ಗುರುತಿಸಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11 2022ರ ಜನವರಿಯಿಂದ ಜಾರಿಗೆ ಬಂದಾಗ ಅದು ಕಾಂಪ್ಲೆಕ್ಸ್ ಪಿಟಿಎಸ್‌ಡಿ ಎಂಬ ಹೆಸರಿನಲ್ಲಿ ಸೇರಿತು. ಪಿಟಿಎಸ್‌ಡಿ ಎಂದರೆ ಆಘಾತದ ನಂತರ ಉಳಿಯುವ ಕಾಯಿಲೆ. ಘಟನೆ ಮರುಕಳಿಸಿದಂತಾಗುವುದು, ಅದನ್ನು ನೆನಪಿಸುವುದರಿಂದ ತಪ್ಪಿಸಿಕೊಳ್ಳುವುದು, ಸದಾ ಕಿವಿ ನಿಮಿರಿಸಿಕೊಂಡಿರುವುದು: ಇವು ಮಾಮೂಲಿ ಪಿಟಿಎಸ್‌ಡಿಯಲ್ಲೂ ಉಂಟು. ಇವುಗಳ ಜೊತೆಗೆ ಭಾವನೆಗಳು ಹತೋಟಿಗೆ ಸಿಗದಿರುವುದು, ‘ನಾನೇ ಕೆಟ್ಟವಳು’ ಎಂಬ ನಂಬಿಕೆ, ಯಾರೊಂದಿಗೂ ಹತ್ತಿರ ಆಗಲಾರದಿರುವುದು ಸೇರಿದರೆ ಕಾಂಪ್ಲೆಕ್ಸ್.

ಪುರಾವೆಯ ತೂಕ ನೋಡಿದರೆ, ಪಿಟಿಎಸ್‌ಡಿಗೆ ವಿಶ್ವ ಆರೋಗ್ಯ ಸಂಸ್ಥೆಯ 2013ರ ಮಾರ್ಗಸೂಚಿ ಮಕ್ಕಳಿಗೂ ದೊಡ್ಡವರಿಗೂ ಹೇಳಿದ್ದು ಎರಡನ್ನು: ಆಘಾತಕ್ಕೆಂದೇ ರೂಪಿಸಿದ ಸಿಬಿಟಿ (ಯೋಚನೆ, ನಡವಳಿಕೆ ತಿದ್ದುವ ಮಾತಿನ ಚಿಕಿತ್ಸೆ) ಮತ್ತು ಇಎಂಡಿಆರ್. ಫ್ರಾನ್ಸಿನ್ ಶಪಿರೊ 1989ರಲ್ಲಿ ಪ್ರಕಟಿಸಿದ ಇಎಂಡಿಆರ್‌ನಲ್ಲಿ, ನೆನಪಿನ ಒಂದು ತುಣುಕನ್ನು ಮನಸ್ಸಿನಲ್ಲಿ ಹಿಡಿದು ಎಡಬಲಕ್ಕೆ ಓಡುವ ಬೆರಳನ್ನು ಕಣ್ಣು ಹಿಂಬಾಲಿಸುತ್ತದೆ. ಪೀಟರ್ ಲೆವಿನ್ ಅವರ ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್ ಮೈಯ ಅನುಭವದ ಮೇಲೆ ಚಿಟಿಕೆ ಚಿಟಿಕೆಯಾಗಿ ಗಮನ ಇಡಿಸುತ್ತದೆ. 2017ರಲ್ಲಿ ಇಸ್ರೇಲಿನಿಂದ ಪ್ರಕಟವಾದ 63 ಮಂದಿಯ, 15 ವಾರಗಳ ಅಧ್ಯಯನದ ಫಲಿತಾಂಶ ಚೆನ್ನಾಗಿದೆ, ಆದರೆ ಅಂಥವು ಇನ್ನೂ ಕೆಲವೇ ಕೆಲವು. ಮೈಯ ಭಂಗಿ, ಚಲನೆಗಳಿಂದ ಶುರುಮಾಡುವ, ಪ್ಯಾಟ್ ಆಗ್ಡನ್ ಅವರ ಸೆನ್ಸರಿಮೋಟರ್ ಸೈಕೋಥೆರಪಿಗೂ ಪುರಾವೆ ಹಾಗೆಯೇ ಕಡಿಮೆ. ಈ ಪದ್ಧತಿಗಳ ಜೊತೆ ಸದಾ ಕೇಳಿಬರುವ, ಹೆದರಿಕೆ-ನೆಮ್ಮದಿಗಳನ್ನು ವೇಗಸ್ ಎಂಬ ನರದಿಂದ ವಿವರಿಸುವ ಸ್ಟೀಫನ್ ಪೋರ್ಜಸ್ ಅವರ ‘ಪಾಲಿವೇಗಲ್’ ಸಿದ್ಧಾಂತದ ಶರೀರಶಾಸ್ತ್ರವನ್ನು ಒಪ್ಪದ ವಿಜ್ಞಾನಿಗಳು ಸಾಕಷ್ಟು ಇದ್ದಾರೆ. ಸಿದ್ಧಾಂತ ಅಲುಗಾಡಿದ ಮಾತ್ರಕ್ಕೆ ಅಂಗಾಲು ಒತ್ತಿ ಸಿಕ್ಕಿದ ನೆಮ್ಮದಿ ಸುಳ್ಳಾಗುವುದಿಲ್ಲ, ಆದರೆ ಅದನ್ನು ಶಾಸನದಂತೆ ಓದುವವರ ಮೇಲೆ ಒಂದು ಕಣ್ಣಿರಲಿ. ನಮ್ಮ ಅಭಿಪ್ರಾಯ: ಮೈಯ ಚಿಕಿತ್ಸೆಯಿಂದ ಹದ ತಂದುಕೊಂಡು, ನೆನಪಿನ ಕೆಲಸಕ್ಕೆ ಸಿಬಿಟಿ ಅಥವಾ ಇಎಂಡಿಆರ್ ಕಡೆ ಹೋಗಿ.

ಸಾಕಲು ತಂದ ಮಗಳಿಗೆ 6 ವರ್ಷ. ಜಾತ್ರೆಯ ಸಿಡಿಮದ್ದು, ಚೆಂಡೆ ಕೇಳಿದರೆ ನಡುಗುತ್ತಾಳೆ. ನಾಲ್ಕು ಸಲ ಕರೆದುಕೊಂಡು ಹೋದರೆ ರೂಢಿಯಾಗುತ್ತದೆ ಎನ್ನುತ್ತಾರೆ ಅತ್ತೆ.
— ಮುಳ್ಳೇರಿಯದ ಓದುಗರು

ಅತ್ತೆಯವರ ಮಾತಿನಲ್ಲಿ ಅರ್ಧ ಸರಿ ಇದೆ. ರೂಢಿಯಾಗುತ್ತದೆ, ಆದರೆ ಗದ್ದಲದ ನಡುವೆ ಹಿಡಿದು ನಿಲ್ಲಿಸಿದರೆ ಅಲ್ಲ. ಆಗ ಅವಳು ಕಲಿಯುವುದು ‘ನಾನು ಅತ್ತರೂ ಇವರು ಬಿಡುವುದಿಲ್ಲ’ ಎಂಬುದನ್ನು. ನಡುಕ ನಿಂತು ಸುಮ್ಮನಾದಳು ಎಂದರೆ ಒಗ್ಗಿದಳು ಎಂದೇ ಅಲ್ಲ, ಆರಿರಲೂಬಹುದು. ಮನೆಯಲ್ಲಿ ಫೋನಿನಲ್ಲಿ ಚೆಂಡೆಯ ಸದ್ದು ಸಣ್ಣದಾಗಿ ಇಡಿ, ಸದ್ದು ಏರಿಸುವ-ಇಳಿಸುವ ಬೆರಳು ಅವಳದ್ದೇ ಇರಲಿ. ಅದಕ್ಕೆ ಸರಿಯಾಗಿ ಇಬ್ಬರೂ ಯಕ್ಷಗಾನದ ಹೆಜ್ಜೆ ಹಾಕಿ, ನೆಲ ಮೆಟ್ಟುವ ಪಾದಕ್ಕೆ ಸದ್ದು ಗೆಳೆಯನಾಗುತ್ತದೆ. ಎರಡು-ಮೂರು ವಾರದ ಮೇಲೆ ಜಾತ್ರೆಯ ಗದ್ದೆಯ ಅಂಚಿಗೆ, ಹಗಲಲ್ಲಿ, ಸಿಡಿಮದ್ದು ಇಲ್ಲದ ಹೊತ್ತಿಗೆ, 10 ನಿಮಿಷ. ಕಿವಿಗೆ ಹತ್ತಿ ಸಾಲದು, ಕಿವಿ ಪೂರ್ತಿ ಮುಚ್ಚುವ ಕವಚ ಒಯ್ಯಿರಿ. ‘ಸಾಕು’ ಎನ್ನಲು ಒಂದು ಕೈಸನ್ನೆ ಮೊದಲೇ ಮಾಡಿಕೊಳ್ಳಿ. ಅವಳು ಸನ್ನೆ ಮಾಡಿದ ಕೂಡಲೇ, ಅದು ಎರಡನೇ ನಿಮಿಷದಲ್ಲೇ ಆದರೂ, ಹೊರಡಿ. ಮೊದಲೆರಡು ಸಲ ಸುಮ್ಮನೆ ಪರೀಕ್ಷೆ ಮಾಡುತ್ತಾಳೆ. ಆ ಪರೀಕ್ಷೆಯಲ್ಲಿ ನೀವು ಪಾಸಾಗಬೇಕು.

ತಂಗಿಗೆ 22. ಮಾತಾಡುತ್ತಿರುವಾಗಲೇ ನೋಟ ಶೂನ್ಯವಾಗುತ್ತದೆ, ಕರೆದರೆ ಓಗೊಡುವುದಿಲ್ಲ, ಕೆಲವೊಮ್ಮೆ ಬೀಳುತ್ತಾಳೆ. ಮೈಮೇಲೆ ಬರುವುದು ಎಂದು ಕೆಲವರು, ಅಪಸ್ಮಾರ ಎಂದು ಕೆಲವರು. ಹಳೆಯ ಆಘಾತದಿಂದಲೂ ಹೀಗಾಗುತ್ತದೆ ಎಂದು ಓದಿದೆ.
— ಪೆರ್ಲದ ಓದುಗರು

ಆಗುತ್ತದೆ, ಆದರೆ ಅದನ್ನು ನೀವಾಗಲಿ ನಾವಾಗಲಿ ಊಹೆಯಿಂದ ಹೇಳುವಂತಿಲ್ಲ. ಮೊದಲು ನರರೋಗ ತಜ್ಞರು. ಮುಂದಿನ ಸಲ ಆದಾಗ ತಲೆಯಿಂದ ಕಾಲಿನವರೆಗೆ ಕಾಣುವಂತೆ ಫೋನಿನಲ್ಲಿ ವಿಡಿಯೊ ಮಾಡಿ. ಮೆದುಳಿನ ವಿದ್ಯುತ್ ಅಲೆಗಳನ್ನು ನೋಡುವ ಇಇಜಿ ಪರೀಕ್ಷೆಯಷ್ಟೇ ಅದೂ ಡಾಕ್ಟರಿಗೆ ಬೇಕು. ಕಣ್ಣು ತೆರೆದಿತ್ತೇ, ನಾಲಗೆಯ ಬದಿ ಕಚ್ಚಿಕೊಂಡಿತೇ, ಎಷ್ಟು ನಿಮಿಷ, ಮುಂಚೆ ಏನು ನಡೆದಿತ್ತು ಎಂದು ಬರೆದಿಡಿ. ಒಬ್ಬರಿಗೇ ಅಪಸ್ಮಾರ, ಆಘಾತದಿಂದ ಆಗುವುದು ಎರಡೂ ಇರುವುದುಂಟು. ಕೈಕಾಲು ಸೆಳೆತ 5 ನಿಮಿಷ ದಾಟಿದರೆ ಕಾಯದೆ ಆಸ್ಪತ್ರೆಗೆ.

ಇನ್ನು ಮೈಮೇಲೆ ಬರುವ ಮಾತು. ಒಪ್ಪಿತ ಆಚರಣೆಯಲ್ಲಿ, ಆ ಹೊತ್ತಿಗೆ ಬಂದು ಹೋಗುವುದನ್ನು ಐಸಿಡಿ-11 ಕಾಯಿಲೆ ಎಂದು ಕರೆಯುವುದಿಲ್ಲ. ಕೋಲದ ಕಳದಲ್ಲಿ ಆಗುವುದಕ್ಕೂ ಅಡಿಗೆಮನೆಯಲ್ಲಿ ಬೇಡದೆಯೇ ಆಗಿ ಅನ್ನ ಸೀದುಹೋಗುವುದಕ್ಕೂ ವ್ಯತ್ಯಾಸ ಇದೆ. ಪರೀಕ್ಷೆಯಲ್ಲಿ ಅಪಸ್ಮಾರ ಅಲ್ಲ ಎಂದಾದರೆ, ಆ ಹೊತ್ತಿಗೆ ಚಿವುಟುವುದು, ಮುಖಕ್ಕೆ ನೀರೆರಚುವುದು, ಸುತ್ತ ಜನ ಸೇರುವುದು ಬೇಡ. ಎದುರಿಗೆ, ತುಸು ಬದಿಗೆ ಕೂತು, ಹೆಸರು ಹೇಳಿ, ‘ನೀನು ಮನೆಯಲ್ಲಿದ್ದಿ, ಇವತ್ತು ಮಂಗಳವಾರ, ಪಕ್ಕದಲ್ಲಿ ಅಕ್ಕ ಇದ್ದೇನೆ’ ಎಂದು ಸಣ್ಣ ಸ್ವರದಲ್ಲಿ ಹೇಳುತ್ತಿರಿ. ಕೈಗೆ ತಣ್ಣನೆಯ ಸ್ಟೀಲ್ ಲೋಟ ಕೊಡಿ, ಕಾಲ್ಬೆರಳು ಅಲ್ಲಾಡಿಸಲು ಹೇಳಿ. ತಿಳಿವು ಬಂದ ಮೇಲೆ ‘ಏನು ನೆನಪಾಯ್ತು’ ಎಂದು ಅಗೆಯಬೇಡಿ. ನೀರು, ತಿನ್ನಲು ಏನಾದರೂ, ಅರ್ಧ ಗಂಟೆ ಸುಮ್ಮನೆ ಇರಲು ಬಿಡಿ.

ಕನ್ನಡ ಮಾಧ್ಯಮದ ಶಾಲೆಯಲ್ಲಿ ಟೀಚರ್ ಆಗಿದ್ದೇನೆ. ಬರುವ ಕೌನ್ಸಿಲರ್ ಒಳ್ಳೆಯವರು, ಆದರೆ ಮಲಯಾಳ ಮಾತ್ರ ಬಲ್ಲರು. ಮಕ್ಕಳಿಗೆ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಮೈಯ ಚಿಕಿತ್ಸೆಗಾದರೆ ಭಾಷೆ ಬೇಡವಲ್ಲ?
— ನೀರ್ಚಾಲಿನ ಓದುಗರು

ಬೇಕು, ಇನ್ನೂ ಹೆಚ್ಚು ಬೇಕು. ಮೈಯ ಸುದ್ದಿಗೆ ಮಕ್ಕಳಲ್ಲಿ ಇರುವುದು ಮನೆಮಾತು. ‘ನಿನಗೆ ಹೇಗನ್ನಿಸುತ್ತದೆ’ ಎಂದರೆ ‘ಏನಿಲ್ಲ’ ಎಂದೇ ಉತ್ತರ. ‘ಎಲ್ಲಿ’ ಎಂದು ಕೇಳಿ: ಎದೆಯಲ್ಲಾ, ಗಂಟಲಲ್ಲಾ, ಹೊಟ್ಟೆಯಲ್ಲಾ? ಆಮೇಲೆ ಆರಿಸಲು ಮಾತು ಕೊಡಿ. ಕನ್ನಡದಲ್ಲಿ ಅದಕ್ಕೇನೂ ಬರವಿಲ್ಲ: ಎದೆ ಧಸಕ್ಕೆಂದಿತು, ಢವಢವ ಎನ್ನುತ್ತದೆ, ಹೊಟ್ಟೆ ತೊಳಸುತ್ತದೆ, ಗಂಟಲು ಕಟ್ಟಿತು, ಮೈ ಜುಂ ಎಂದಿತು, ಕೈಕಾಲು ಸೋತವು, ಮೈ ಕಾದಿತು, ತಲೆ ಧಿಮ್ಮೆನ್ನುತ್ತದೆ. ಇವನ್ನು ಚೀಟಿಗಳಲ್ಲಿ ಬರೆದು, ಉದ್ದದ ಕಾಗದದ ಮೇಲೆ ಮಗುವನ್ನು ಮಲಗಿಸದೆ (ಕೆಲವರಿಗೆ ಅದೇ ಹೆದರಿಕೆ) ನೀವೇ ಬಿಡಿಸಿದ ಮನುಷ್ಯಾಕೃತಿಯ ಮೇಲೆ ಇಡಿಸಿ. ಚೀಟಿಯ ಹಿಂದೆ ತುಳು ಮಾತನ್ನು ಮಕ್ಕಳೇ ಬರೆಯಲಿ, ಮಲಯಾಳವನ್ನು ಕೌನ್ಸಿಲರ್ ಬರೆಯಲಿ. ಅವರಿಗೂ ಅದರಿಂದ ಉಪಕಾರ. ನಡುವೆ ಅನುವಾದಕ್ಕೆ ಇನ್ನೊಂದು ಮಗುವನ್ನು ಕೂರಿಸುವುದು ಮಾತ್ರ ಕೂಡದು.

ಫೋನಿನಲ್ಲಿ ಕನ್ನಡದಲ್ಲೇ ಮಾತಾಡಬೇಕಾದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಭಾಷೆ ಆರಿಸಿಕೊಳ್ಳಬಹುದು. ಕೇರಳದ ದಿಶಾ ಸಹಾಯವಾಣಿ 1056.

ಥೆರಪಿಯಲ್ಲಿ ಮಗುವನ್ನು ಮುಟ್ಟುತ್ತಾರಂತೆ, ಹೊದಿಕೆಯಲ್ಲಿ ಸುತ್ತುತ್ತಾರಂತೆ. ಸರಿ ಯಾವುದು, ತಪ್ಪು ಯಾವುದು ಎಂದು ನಮಗೆ ಗೊತ್ತಾಗುವುದು ಹೇಗೆ?
— ಮಂಜೇಶ್ವರದ ಓದುಗರು

ಮಗು ಯಾವ ಕ್ಷಣದಲ್ಲೂ ತಾನಾಗಿ ಹೊರಬರುವಂತಿದ್ದರೆ ಸರಿ. ಹಿಡಿದಿಟ್ಟರೆ ತಪ್ಪು. ಚಾಪೆಯಲ್ಲೋ ಕಂಬಳಿಯಲ್ಲೋ ಸುತ್ತುವ ಆಟದಲ್ಲಿ ತಲೆ, ಕತ್ತು, ಎರಡೂ ಕೈ ಹೊರಗಿರಬೇಕು, ಮೇಲೆ ಯಾರೂ ಒರಗಬಾರದು, ‘ಬೇಡ’ ಎಂದ ಕೂಡಲೇ ಬಿಚ್ಚಬೇಕು. ಇದು ಅತಿ ಜಾಗ್ರತೆ ಎನಿಸಬಹುದು. 2000ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ‘ಮರುಹುಟ್ಟು’ ಎಂಬ ಹೆಸರಿನ ಚಿಕಿತ್ಸೆಯಲ್ಲಿ 10 ವರ್ಷದ ದತ್ತು ಹುಡುಗಿಯನ್ನು ಬಟ್ಟೆಯಲ್ಲಿ ಸುತ್ತಿ, ದಿಂಬಿಟ್ಟು, ದೊಡ್ಡವರು ಮೇಲೆ ಒತ್ತಿದರು. ಉಸಿರು ಕಟ್ಟುತ್ತದೆ ಎಂದು ಅವಳು ಮತ್ತೆ ಮತ್ತೆ ಹೇಳಿದರೂ ಬಿಡಲಿಲ್ಲ, ಅವಳು ತೀರಿಕೊಂಡಳು. ಮುಂದಿನ ವರ್ಷ ಆ ರಾಜ್ಯ ಅದನ್ನು ಕಾನೂನಿನಿಂದಲೇ ನಿಷೇಧಿಸಿತು. ಅಳಿಸಿ, ಕೂಗಿಸಿ, ‘ಒಳಗಿನದ್ದನ್ನೆಲ್ಲ ಒಂದೇ ದಿನ ಹೊರಗೆ ತೆಗೆಯುತ್ತೇವೆ’ ಎನ್ನುವವರು ಎಷ್ಟೇ ಸರ್ಟಿಫಿಕೇಟ್ ತೂಗುಹಾಕಿರಲಿ, ಎದ್ದು ಬನ್ನಿ.

ಮುಟ್ಟುವುದಿದ್ದರೆ ಮುಂಚೆ ಬರಹದ ಒಪ್ಪಿಗೆ, ಪ್ರತಿ ಸಲವೂ ಮಗುವಿನ ಒಪ್ಪಿಗೆ, ಬಟ್ಟೆಯ ಮೇಲಿಂದ ಮಾತ್ರ, ಭುಜ, ಬೆನ್ನು, ಕೈ, ಪಾದಕ್ಕೆ ಮಾತ್ರ. ಹೆತ್ತವರಿಗೆ ನೋಡಲು ಅವಕಾಶ ಇರಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ, ಅಂದರೆ ಸಿಆರ್‌ಆರ್ ಸಂಖ್ಯೆ ಇರುತ್ತದೆ, ಕೇಳಲು ಸಂಕೋಚ ಬೇಡ. ಆಕ್ಯುಪೇಷನಲ್ ಥೆರಪಿಸ್ಟ್‌ಗೆ ಆ ವಿಷಯದಲ್ಲೇ ಪದವಿ ಇರಬೇಕು. ವಾರಾಂತ್ಯದ ಆನ್‌ಲೈನ್ ಕೋರ್ಸು ಇವುಗಳ ಮೇಲೆ ಸೇರಿದರೆ ಒಳ್ಳೆಯದು, ಇವುಗಳ ಬದಲಿಗೆ ಆಗದು. ಖರ್ಚು ಆಗದವರು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ, ಮಕ್ಕಳಿಗಾದರೆ ಜಿಲ್ಲಾ ಅರ್ಲಿ ಇಂಟರ್ವೆನ್ಶನ್ ಸೆಂಟರಿನಲ್ಲಿ ವಿಚಾರಿಸಿ.

ಮಗು ಲೈಂಗಿಕ ದೌರ್ಜನ್ಯದ ಮಾತು ಹೇಳಿದರೆ, ಥೆರಪಿಸ್ಟ್ ಅದನ್ನು ಗುಟ್ಟಾಗಿ ಇಡುವಂತಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸುವುದು ತಿಳಿದವರೆಲ್ಲರ ಕರ್ತವ್ಯ, ತಿಳಿಸದಿದ್ದರೆ 21ನೇ ಸೆಕ್ಷನ್ನಿನಲ್ಲಿ ಶಿಕ್ಷೆ ಇದೆ. ಈ ಮಾತನ್ನು ಚಿಕಿತ್ಸೆಯ ಮೊದಲ ದಿನವೇ ಮಗುವಿಗೆ ತಿಳಿಯುವ ಭಾಷೆಯಲ್ಲಿ ಹೇಳುವವರನ್ನು ನಂಬಬಹುದು. ಮಕ್ಕಳ ಸಹಾಯವಾಣಿ 1098.

ಎಷ್ಟು ತಿಂಗಳಲ್ಲಿ ಗುಣವಾಗುತ್ತದೆ?
— ಪೈವಳಿಕೆಯ ಓದುಗರು

ತಿಂಗಳು ಎಣಿಸಿ ಹೇಳುವವರನ್ನು ನಂಬಬೇಡಿ. ಗುಣದ ಗುರುತು ಮಾತ್ರ ಬರೆದಿಡಬಹುದು. ನೋಟುಪುಸ್ತಕದಲ್ಲಿ ದಿನಕ್ಕೆ ಮೂರೇ ಸಾಲು: ಎಷ್ಟು ಸಲ ಉಕ್ಕಿತು ಅಥವಾ ಆರಿತು, ಪ್ರತಿ ಸಲ ಹದಕ್ಕೆ ಬರಲು ಎಷ್ಟು ನಿಮಿಷ ಬೇಕಾಯಿತು, ರಾತ್ರಿ ಎಷ್ಟು ಸಲ ಎಚ್ಚರಾಯಿತು. ಮೊದಲು ಕಡಿಮೆಯಾಗುವುದು ಹೆಚ್ಚಾಗಿ ಎರಡನೆಯದು; ಉಕ್ಕುವುದು ಅಷ್ಟೇ ಸಲ, ಆದರೆ ನಲವತ್ತು ನಿಮಿಷದ ಜಾಗದಲ್ಲಿ ಹದಿನೈದು. ಲೆಕ್ಕ ಇಡದ ಮನೆಗಳಲ್ಲಿ ಇದು ಕಾಣದೆ ‘ಏನೂ ಪ್ರಯೋಜನ ಇಲ್ಲ’ ಎಂದು ಚಿಕಿತ್ಸೆ ಬಿಡುತ್ತಾರೆ. ಕೋರ್ಟಿನ ತಾರೀಕು, ಅಪ್ಪನ ಫೋನು, ಶಾಲೆ ಬದಲಾವಣೆ, ಘಟನೆ ನಡೆದ ತಿಂಗಳು ತಿರುಗಿ ಬರುವುದು: ಆ ವಾರಗಳಲ್ಲಿ ಲೆಕ್ಕ ಏರುತ್ತದೆ, ಪಕ್ಕದಲ್ಲಿ ಕಾರಣ ಬರೆಯಿರಿ. ಏರುತ್ತಲೇ ಹೋಗಿ ನಾಲ್ಕು ವಾರ ಇಳಿಯದಿದ್ದರೆ ಆ ಪುಸ್ತಕ ಹಿಡಿದು ಥೆರಪಿಸ್ಟ್ ಹತ್ತಿರ ಕೂತು ಚಿಕಿತ್ಸೆಯ ಪ್ರಮಾಣ ಕಡಿಮೆ ಮಾಡಿಸಿ. ತನಗೆ ತಾನೇ ನೋವು ಮಾಡಿಕೊಳ್ಳುವ, ಸಾಯುವ ಮಾತು ಬಂದರೆ ಅಷ್ಟು ಕಾಯಬೇಡಿ, ಅವತ್ತೇ ಮನೋವೈದ್ಯರನ್ನು ಕಾಣಿ.

ಚಿಕಿತ್ಸೆ ಮುಗಿಸುವ ದಿನವನ್ನು ಮಗುವಿಗೆ ಕನಿಷ್ಠ ನಾಲ್ಕು ವಾರ ಮೊದಲೇ ಹೇಳಿ, ಗೋಡೆಯ ಕ್ಯಾಲೆಂಡರಿನಲ್ಲಿ ಅವರ ಕೈಯಿಂದಲೇ ಗುರುತು ಹಾಕಿಸಿ. ಹುರುಳಿ ಚೀಲ ಆಮೇಲೂ ಅವರ ಬಳಿಯೇ ಇರಲಿ.